ಹೊಸ ಸರ್ವರ್, ಹಳೆಯ ಅಕಾರಾದಿ: ಆಸ್ಪತ್ರೆಯೊಂದರ ಡೇಟಾಬೇಸ್ ಕ್ಲಸ್ಟರಿನಲ್ಲಿ ಒಂದು ಯಂತ್ರ ಬದಲಿಸಿದ ಪ್ರಕರಣ

ಹಿನ್ನೆಲೆ

ಮಲೆನಾಡಿನ ಅಂಚಿನ ಜಿಲ್ಲಾ ಕೇಂದ್ರವೊಂದರ ಖಾಸಗಿ ಆಸ್ಪತ್ರೆಯಲ್ಲಿ 2024ರ ಜುಲೈ ತಿಂಗಳಲ್ಲಿ ನಡೆದ ಕೆಲಸ ಇದು. ಊರು, ಸಂಸ್ಥೆ ಮತ್ತು ಜನರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಾಂತ್ರಿಕ ಸಂಗತಿಗಳು ಇದ್ದಂತೆಯೇ ಇವೆ. ಆ ಆಸ್ಪತ್ರೆಯ ಸರ್ವರುಗಳನ್ನು ನೋಡಿಕೊಳ್ಳುವ ಹೊರಗಿನ ತಂಡದಲ್ಲಿ ನಾವು ಇಬ್ಬರಿದ್ದೆವು: ನಾನು, ಮತ್ತು ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಒಬ್ಬ ಕಿರಿಯ ಸಹೋದ್ಯೋಗಿ.

ರೋಗಿಗಳ ನೋಂದಣಿ, ಪ್ರಯೋಗಾಲಯದ ವರದಿ, ಔಷಧ ಮಾರಾಟ, ಬಿಲ್ಲು ಎಲ್ಲವೂ ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿದ್ದವು. ಆವೃತ್ತಿ 14, ಗಾತ್ರ ಸುಮಾರು 380 ಜಿಬಿ. ಅದು ಮೂರು ಯಂತ್ರಗಳ ಕ್ಲಸ್ಟರಿನಲ್ಲಿ ಓಡುತ್ತಿತ್ತು. ಅವುಗಳನ್ನು ಇಲ್ಲಿ ಅ, ಆ, ಇ ಎಂದು ಕರೆಯುತ್ತೇನೆ. ಅ ಪ್ರೈಮರಿ, ಬರೆಯುವ ಕೆಲಸವೆಲ್ಲ ಅಲ್ಲಿಗೆ. ಆ ಮತ್ತು ಇ ಸ್ಟ್ಯಾಂಡ್‌ಬೈಗಳು, ಅ ಬರೆದದ್ದನ್ನು ಬೈಟ್‌ಗೆ ಬೈಟ್ ನಕಲು ಮಾಡಿಕೊಳ್ಳುತ್ತ ಬರುವಂಥವು. ಯಾರು ಪ್ರೈಮರಿ ಎಂದು ನಿರ್ಧರಿಸುವುದು ಪಾಟ್ರೋನಿ ಎಂಬ ತಂತ್ರಾಂಶ. ಆ ನಿರ್ಧಾರವನ್ನು ಎಲ್ಲರೂ ಒಪ್ಪುವ ಹಾಗೆ ಬರೆದಿಡುವುದು ಮೂರೂ ಯಂತ್ರಗಳಲ್ಲಿ ಓಡುವ ಎಟ್‌ಸಿಡಿ. ಇವುಗಳ ಮುಂದೆ ಎಚ್‌ಎಪ್ರಾಕ್ಸಿ ನಿಂತು, ಬರೆಯುವ ಸಂಪರ್ಕಗಳನ್ನು ಪ್ರೈಮರಿಗೂ, ಹುಡುಕುವ ಮತ್ತು ವರದಿ ತೆಗೆಯುವ ಸಂಪರ್ಕಗಳನ್ನು ಎರಡು ಸ್ಟ್ಯಾಂಡ್‌ಬೈಗಳಿಗೆ ಸರದಿಯಂತೆಯೂ ಹಂಚುತ್ತಿತ್ತು. ಈ ಸರದಿಯ ವಿಷಯ ಮುಂದೆ ಮುಖ್ಯವಾಗುತ್ತದೆ.

ಮೂರೂ ಯಂತ್ರಗಳಲ್ಲಿ ಇದ್ದದ್ದು ಸೆಂಟ್‌ಒಎಸ್ 7 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ಅದಕ್ಕೆ ಬರುತ್ತಿದ್ದ ಭದ್ರತಾ ಪರಿಷ್ಕರಣೆಗಳು 2024ರ ಜೂನ್ 30ಕ್ಕೆ ನಿಂತಿದ್ದವು. ಮೂರರಲ್ಲಿ ಇ ಎಲ್ಲಕ್ಕಿಂತ ಹಳೆಯದು; ಅದರ ಒಂದು ಡಿಸ್ಕ್ ಎಚ್ಚರಿಕೆ ಕೊಡಲು ಶುರು ಮಾಡಿ ಎರಡು ತಿಂಗಳಾಗಿತ್ತು. ಬದಲಿ ಯಂತ್ರ ಬಂದು ಪೆಟ್ಟಿಗೆಯಲ್ಲೇ ಇತ್ತು. ಮುಂದಿನ ವಾರ ನಿಧಾನವಾಗಿ ಬದಲಿಸೋಣ ಎಂದುಕೊಂಡಿದ್ದೆವು.

ಶನಿವಾರ ರಾತ್ರಿ

ಅಷ್ಟರೊಳಗೆ ಒಂದು ಶನಿವಾರ ರಾತ್ರಿ, ಸಿಡಿಲು ಮಳೆಯ ನಡುವೆ ಎರಡು ಸಲ ವಿದ್ಯುತ್ ಹೋಗಿ ಬಂದ ಮೇಲೆ, ಇ ಮತ್ತೆ ಏಳಲಿಲ್ಲ. ಯುಪಿಎಸ್ ಇತ್ತು, ಕೆಲಸವನ್ನೂ ಮಾಡಿತ್ತು; ಸತ್ತದ್ದು ಯಂತ್ರದೊಳಗೆ ಡಿಸ್ಕುಗಳನ್ನು ನಡೆಸುವ ರೇಡ್ ಕಾರ್ಡ್. ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಹೋದದ್ದು ಒಂದು ಸ್ಟ್ಯಾಂಡ್‌ಬೈ ಮಾತ್ರ. ಕ್ಲಸ್ಟರ್ ಇರುವುದೇ ಇಂಥ ದಿನಕ್ಕೆ. ಆದರೆ ಉಳಿದ ಎರಡರಲ್ಲಿ ಇನ್ನೊಂದು ನಿಂತರೆ ಎಲ್ಲವೂ ನಿಲ್ಲುವ ಸ್ಥಿತಿ ಅದು, ಮಳೆಯಂತೂ ನಿಲ್ಲುವ ಲಕ್ಷಣವಿರಲಿಲ್ಲ. ಭಾನುವಾರ ಬೆಳಿಗ್ಗೆಯೇ ಬದಲಿಸುವುದೆಂದು ತೀರ್ಮಾನಿಸಿದೆವು.

ಆ ಅವಸರದಲ್ಲಿ ಎರಡು ನಿರ್ಧಾರಗಳನ್ನು ತೆಗೆದುಕೊಂಡೆವು. ಒಂದರಲ್ಲಿ ತಂತ್ರಾಂಶವೇ ನಮ್ಮನ್ನು ತಡೆಯಿತು, ಇನ್ನೊಂದರಲ್ಲಿ ತಡೆಯುವವರು ಯಾರೂ ಇರಲಿಲ್ಲ.

ಮೊದಲನೆಯದು ಎಟ್‌ಸಿಡಿಗೆ ಸಂಬಂಧಿಸಿದ್ದು. ಸತ್ತ ಸದಸ್ಯನನ್ನು ಮೊದಲು ತೆಗೆಯಬೇಕೋ, ಹೊಸ ಸದಸ್ಯನನ್ನು ಮೊದಲು ಸೇರಿಸಬೇಕೋ? ಕೈಯಲ್ಲಿರುವುದನ್ನು ಕಳೆಯುವ ಮೊದಲು ಹೊಸದನ್ನು ಕೂಡಿಸುವುದು ಸುರಕ್ಷಿತ ಎಂದು ಯಾರಿಗಾದರೂ ಅನಿಸುತ್ತದೆ. ಸಹೋದ್ಯೋಗಿಯೂ ಹಾಗೆಯೇ ಮಾಡಲು ಹೋದ. ಎಟ್‌ಸಿಡಿ ಒಪ್ಪಲಿಲ್ಲ, ಕ್ಲಸ್ಟರ್ ಆರೋಗ್ಯವಾಗಿಲ್ಲ ಎಂಬ ಒಂದು ಸಾಲಿನ ಉತ್ತರ ಕೊಟ್ಟು ಆದೇಶವನ್ನು ತಳ್ಳಿಹಾಕಿತು.

“ಸಾರ್, ಈ ತಪಾಸಣೆ ಆಫ್ ಮಾಡೋಕೆ ಒಂದು ಆಯ್ಕೆ ಇದೆ. ಆಫ್ ಮಾಡಿ ಸೇರಿಸಿಬಿಡ್ಲಾ?” ಎಂದು ಕೇಳಿದ.

ಬೇಡ ಎಂದೆ, ಆದರೆ ಕಾರಣ ಹೇಳುವ ಮೊದಲು ನಾನೂ ಒಂದು ಹಾಳೆಯ ಮೇಲೆ ಲೆಕ್ಕ ಹಾಕಬೇಕಾಯಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಸಹಕಾರ ಸಂಘದ ಸಭೆಗೆ ಕೋರಂ ಇದ್ದ ಹಾಗೆ ಎಟ್‌ಸಿಡಿಗೂ ಕೋರಂ ಇದೆ: ಪಟ್ಟಿಯಲ್ಲಿರುವ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಾಜರಿರಬೇಕು. ಸತ್ತವರ ಹೆಸರು ಪಟ್ಟಿಯಲ್ಲಿ ಇರುವ ತನಕ ಅವರನ್ನೂ ಎಣಿಸುತ್ತಾರೆ. ಮೂವರ ಪಟ್ಟಿಗೆ ಕೋರಂ ಇಬ್ಬರು, ನಮ್ಮಲ್ಲಿ ಜೀವಂತವಾಗಿದ್ದವರೂ ಇಬ್ಬರು. ನಾಲ್ಕನೆಯವರನ್ನು ಸೇರಿಸಿದ ಕ್ಷಣವೇ ಕೋರಂ ಮೂರಕ್ಕೆ ಏರುತ್ತದೆ, ಹೊಸಬರು ಇನ್ನೂ ಎದ್ದು ನಿಂತಿರುವುದಿಲ್ಲ. ಅವರ ಐಪಿ ವಿಳಾಸದಲ್ಲಿ ಒಂದು ಅಂಕಿ ತಪ್ಪಾಗಿದ್ದರೂ ಸಾಕು, ಸಭೆ ಬರಖಾಸ್ತು. ಆಗ ಆ ತಪ್ಪನ್ನು ತಿದ್ದುವುದಕ್ಕೂ ಕೋರಂ ಇರುವುದಿಲ್ಲ. ಎಟ್‌ಸಿಡಿ ಕೋರಂ ಕಳೆದುಕೊಂಡರೆ ಪಾಟ್ರೋನಿ ತನ್ನ ಪ್ರೈಮರಿಯನ್ನೇ ಕೆಳಗಿಳಿಸಿ, ಡೇಟಾಬೇಸನ್ನು ಓದಲು ಮಾತ್ರ ಬಿಡುತ್ತದೆ. ಒಂದು ಯಂತ್ರದ ಸಾವಿನಿಂದ ಆಗದಿದ್ದ ಸ್ತಂಭನ ನಮ್ಮ ಕೈಯಿಂದ ಆಗುತ್ತಿತ್ತು.

ಇದಕ್ಕೆ ಬದಲಾಗಿ ಸತ್ತವರ ಹೆಸರನ್ನು ಮೊದಲು ಹೊಡೆದುಹಾಕಿದರೆ ಪಟ್ಟಿಯಲ್ಲಿ ಇಬ್ಬರು, ಕೋರಂ ಇಬ್ಬರು. ಮೊದಲೂ ಇಬ್ಬರೇ ಬೇಕಿತ್ತು, ಈಗಲೂ ಇಬ್ಬರೇ. ಕಳೆದುಕೊಳ್ಳುವುದು ಏನೂ ಇಲ್ಲ. ಆಮೇಲೆ ಹೊಸಬರನ್ನು ಸೇರಿಸಿದರೆ ಪಟ್ಟಿ ಮೂರಾಗುತ್ತದೆ, ಕೋರಂ ಎರಡರಲ್ಲೇ ಉಳಿಯುತ್ತದೆ, ಹೊಸಬರು ಏಳದಿದ್ದರೂ ಸಭೆ ನಡೆಯುತ್ತದೆ. ಹಾಗೆಯೇ ಮಾಡಿದೆವು. ಹೊಸ ಯಂತ್ರದ ಎಟ್‌ಸಿಡಿ ದತ್ತಾಂಶದ ಕೋಶ ಖಾಲಿಯಿದೆ, ಅದರ ಸಂರಚನೆಯಲ್ಲಿ ‘ಈಗಾಗಲೇ ಇರುವ ಕ್ಲಸ್ಟರ್’ ಎಂದು ಬರೆದಿದೆ ಎಂದು ನೋಡಿಕೊಂಡು ಎಬ್ಬಿಸಿದಾಗ ಹತ್ತು ನಿಮಿಷದಲ್ಲಿ ಸೇರಿಕೊಂಡಿತು.

ಎರಡನೆಯ ನಿರ್ಧಾರಕ್ಕೆ ನಾವು ಹತ್ತು ನಿಮಿಷದ ಚರ್ಚೆಯನ್ನೂ ಕೊಡಲಿಲ್ಲ. ಹೊಸ ಯಂತ್ರಕ್ಕೆ ಯಾವ ಆಪರೇಟಿಂಗ್ ಸಿಸ್ಟಂ ಹಾಕುವುದು? ಸೆಂಟ್‌ಒಎಸ್ 7ರ ಕಾಲ ಮುಗಿದಿತ್ತು. ಮೇಲಾಗಿ ಅದರ ತಿರುಳಾದ 3.10 ಕರ್ನೆಲ್‌ಗೆ ಹೊಸ ಯಂತ್ರದ ರೇಡ್ ಕಾರ್ಡಿನ ಗುರುತೇ ಸಿಗಲಿಲ್ಲ. ಅನುಸ್ಥಾಪನೆಯ ಪರದೆಯಲ್ಲಿ ಡಿಸ್ಕುಗಳು ಕಾಣಲೇ ಇಲ್ಲ. ಸರಿ, ಹೇಗೂ ಮುಂದೆ ಎಲ್ಲವನ್ನೂ ಮೇಲಕ್ಕೆ ಒಯ್ಯಬೇಕು, ಇದರಿಂದಲೇ ಶುರುವಾಗಲಿ ಎಂದು ಆಲ್ಮಾಲಿನಕ್ಸ್ 9 ಹಾಕಿದೆವು. ಪೋಸ್ಟ್‌ಗ್ರೆಸ್ ಅದೇ 14, ಕಿರು ಆವೃತ್ತಿಯೂ ಅದೇ, ಪಾಟ್ರೋನಿ ಅದೇ, ಲೊಕೇಲ್ ಎಂಬ ಭಾಷಾ ನಿಯಮಗಳ ಗುಚ್ಛದ ಹೆಸರು ಕೂಡ ಅದೇ ಅಮೆರಿಕನ್ ಇಂಗ್ಲಿಷ್, ಯುಟಿಎಫ್-8. ಹೋಲಿಸಬೇಕಾದದ್ದನ್ನೆಲ್ಲ ಹೋಲಿಸಿದ್ದೇವೆ ಎಂದೇ ನಂಬಿದ್ದೆವು.

ದತ್ತಾಂಶದ ನಕಲನ್ನು ಪ್ರೈಮರಿಯ ಬದಲು ಉಳಿದಿದ್ದ ಸ್ಟ್ಯಾಂಡ್‌ಬೈ ‘ಆ’ ಯಂತ್ರದಿಂದ ತೆಗೆದುಕೊಳ್ಳುವಂತೆ ಪಾಟ್ರೋನಿಗೆ ಹೇಳಿ, ವೇಗಕ್ಕೆ ಸೆಕೆಂಡಿಗೆ 60 ಎಂಬಿ ಮಿತಿ ಹಾಕಿದೆವು. ಮಿತಿ ಇಲ್ಲದಿದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತಿದ್ದದ್ದು ಒಂದೂಮುಕ್ಕಾಲು ಗಂಟೆ ಹಿಡಿಯಿತು, ಆದರೆ ಭಾನುವಾರದ ಹೊರರೋಗಿ ವಿಭಾಗಕ್ಕೆ ಅದರ ಬಿಸಿ ತಟ್ಟಲಿಲ್ಲ. ಮಧ್ಯಾಹ್ನ ಎರಡೂವರೆಗೆ ಪಾಟ್ರೋನಿಯ ಪಟ್ಟಿಯಲ್ಲಿ ಮೂರೂ ಹೆಸರು ಕಂಡವು. ಸತ್ತದ್ದರ ಹೆಸರನ್ನೇ ಪಡೆದ ಹೊಸ ಇ ಎದುರಿಗೆ ‘ಸ್ಟ್ರೀಮಿಂಗ್’, ಹಿಂದುಳಿದ ಪ್ರಮಾಣ ಸೊನ್ನೆ. ಸೇವೆ ಒಂದು ಸೆಕೆಂಡೂ ನಿಂತಿರಲಿಲ್ಲ. ಎಚ್‌ಎಪ್ರಾಕ್ಸಿಯಲ್ಲಿ ಹೊಸ ಯಂತ್ರ ಹಸಿರಾಯಿತು. ಸಂತೋಷದಿಂದ ಊಟಕ್ಕೆ ಹೋದೆವು.

“ಪೇಷಂಟ್ ಮಾತ್ರ ಎದುರಿಗೇ ಕೂತಿದ್ದಾರೆ”

ಬುಧವಾರ ಬೆಳಿಗ್ಗೆ ದಾಖಲೆ ವಿಭಾಗದ ಮೇಡಂ ಫೋನ್ ಮಾಡಿದರು. “ಸಾರ್, ಈ ನಂಬರ್ ಹಾಕಿದ್ರೆ ಏನೂ ಬರ್ತಾ ಇಲ್ಲ. ಪೇಷಂಟ್ ಮಾತ್ರ ಎದುರಿಗೇ ಕೂತಿದ್ದಾರೆ, ಹೋದ ವರ್ಷದ ಚೀಟಿನೂ ಕೈಯಲ್ಲಿದೆ.” ನಾನು ನನ್ನ ಪರದೆಯಲ್ಲಿ ಹಾಕಿ ನೋಡಿದೆ, ಬಂತು. ಹಾಗೆಂದು ಹೇಳಿದೆ. ಅದಕ್ಕೆ ಅವರು, “ಹೌದು ಸಾರ್, ಎರಡು ಮೂರು ಸಲ ಒತ್ತಿದ್ರೆ ಬರುತ್ತೆ. ಸೋಮವಾರದಿಂದ ಹಾಗೇ ಮಾಡ್ತಾ ಇದೀವಿ. ಇವತ್ತು ಒತ್ತಿ ಒತ್ತಿ ಸಾಕಾಯ್ತು ಅಂತ ಫೋನ್ ಮಾಡಿದೆ” ಎಂದರು.

ಸೋಮವಾರದಿಂದ ಎಂಬ ಮಾತು ಕೇಳಿ ನನ್ನ ಕೈ ತಣ್ಣಗಾಯಿತು. ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ ಎಂದರೆ ಸರದಿಯಲ್ಲಿರುವ ಎರಡು ಸ್ಟ್ಯಾಂಡ್‌ಬೈಗಳಲ್ಲಿ ಒಂದು ಸುಳ್ಳು ಹೇಳುತ್ತಿದೆ. ದೋಷ ಎಂದು ಪರದೆಯಲ್ಲಿ ತೋರಿಸಿದ್ದರೆ ಯಾರಾದರೂ ಆಗಲೇ ಹೇಳುತ್ತಿದ್ದರು. ಬರೀ ಖಾಲಿ ಪಟ್ಟಿ ಬಂದರೆ ಜನ ತಾವೇ ತಪ್ಪು ಹಾಕಿದೆವೇನೋ ಎಂದುಕೊಂಡು ಮತ್ತೆ ಒತ್ತುತ್ತಾರೆ.

ಇ ಯಂತ್ರಕ್ಕೆ ನೇರವಾಗಿ ಹೋಗಿ ಆ ಸಂಖ್ಯೆಯನ್ನು ಹುಡುಕಿದೆ: ಸೊನ್ನೆ ಸಾಲು. ಇಂಡೆಕ್ಸ್, ಅಂದರೆ ಸಾಲನ್ನು ಬೇಗ ಹುಡುಕಲು ಅನುಕ್ರಮವಾಗಿ ಜೋಡಿಸಿಟ್ಟ ಸೂಚಿ, ಬಳಸಬೇಡ, ಇಡೀ ಕೋಷ್ಟಕವನ್ನು ಮೊದಲಿನಿಂದ ಕೊನೆಯವರೆಗೆ ಓದು ಎಂದು ಡೇಟಾಬೇಸಿಗೆ ತಾಕೀತು ಮಾಡಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ: ಒಂದು ಸಾಲು. ರೋಗಿಯ ದಾಖಲೆ ಅಲ್ಲೇ ಇತ್ತು, ಅದನ್ನು ತಲುಪುವ ದಾರಿ ತಪ್ಪಿತ್ತು. ಎಲ್ಲ ಇಂಡೆಕ್ಸುಗಳನ್ನು ಪರೀಕ್ಷಿಸುವ ಪಿಜಿ-ಆಮ್‌ಚೆಕ್ ಎಂಬ ಉಪಕರಣ ಪೋಸ್ಟ್‌ಗ್ರೆಸ್ 14ರಲ್ಲೇ ಇದೆ, ಸ್ಟ್ಯಾಂಡ್‌ಬೈ ಮೇಲೂ ಓಡುತ್ತದೆ. ಹಳೆಯ ‘ಆ’ ಯಂತ್ರದಲ್ಲಿ ಓಡಿಸಿದರೆ ಒಂದೂ ದೂರಿಲ್ಲ. ಇ ಯಂತ್ರದಲ್ಲಿ ಅಕ್ಷರ ರೂಪದ ಅಂಕಣಗಳ (ರೋಗಿಸಂಖ್ಯೆಯೂ ಅಂಥದ್ದೇ) ಇಂಡೆಕ್ಸುಗಳ ಮೇಲೆ ಸಾಲುಸಾಲಾಗಿ ಅನುಕ್ರಮ ತಪ್ಪಿದೆ ಎಂಬ ದೂರು. ಅಂಕಿ ಮತ್ತು ದಿನಾಂಕಗಳ ಇಂಡೆಕ್ಸುಗಳು ಮಾತ್ರ ಸರಿಯಾಗಿದ್ದವು. ಅಕ್ಷರದ್ದು ತಪ್ಪು, ಅಂಕಿಯದ್ದು ಸರಿ ಎಂದ ಮೇಲೆ ಡಿಸ್ಕ್ ಕೆಟ್ಟಿರುವ ಸಂಶಯ ಬಿಟ್ಟುಹೋಯಿತು. ಕೆಟ್ಟ ಡಿಸ್ಕ್ ಹೀಗೆ ಆರಿಸಿ ಕೆಡಿಸುವುದಿಲ್ಲ.

ಕೊನೆಗೆ ವಿಷಯ ಇತ್ಯರ್ಥವಾದದ್ದು ಡೇಟಾಬೇಸಿನ ಹೊರಗೆ. ಎರಡು ಸಾಲುಗಳು, 1-1 ಮತ್ತು 11, ಇವನ್ನು ಲಿನಕ್ಸಿನ ‘ಸಾರ್ಟ್’ ಆದೇಶಕ್ಕೆ ಕೊಟ್ಟು ಎರಡೂ ಯಂತ್ರಗಳಲ್ಲಿ ಅನುಕ್ರಮವಾಗಿ ಜೋಡಿಸಲು ಹೇಳಿದೆ. ಲೊಕೇಲ್ ಎರಡರಲ್ಲೂ ಒಂದೇ. ‘ಆ’ ಯಂತ್ರ 11 ಮೊದಲು, 1-1 ಆಮೇಲೆ ಎಂದಿತು. ಇ ಯಂತ್ರ 1-1 ಮೊದಲು, 11 ಆಮೇಲೆ ಎಂದಿತು.

ಅಕಾರಾದಿಯ ತಕರಾರು

ಲಿನಕ್ಸಿನಲ್ಲಿ ಯಾವ ಅಕ್ಷರ ಮೊದಲು, ಯಾವುದು ಆಮೇಲೆ ಎಂಬ ನಿಯಮವನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ತಾನೇ ಇಟ್ಟುಕೊಳ್ಳುವುದಿಲ್ಲ. ಜಿಲಿಬ್‌ಸಿ ಎಂಬ, ಆಪರೇಟಿಂಗ್ ಸಿಸ್ಟಂನ ಮೂಲ ತಂತ್ರಾಂಶ ಸಂಗ್ರಹವನ್ನು ಕೇಳುತ್ತದೆ. 2018ರ ಆಗಸ್ಟಿನಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಈ ನಿಯಮಗಳನ್ನು ದೊಡ್ಡ ಪ್ರಮಾಣದಲ್ಲಿ ಪರಿಷ್ಕರಿಸಿದರು. ಸೆಂಟ್‌ಒಎಸ್ 7ರಲ್ಲಿರುವುದು 2.17, ಆಲ್ಮಾಲಿನಕ್ಸ್ 9ರಲ್ಲಿರುವುದು 2.34. ಲೊಕೇಲಿನ ಹೆಸರು ಬದಲಾಗಿಲ್ಲ, ಒಳಗಿನ ಅನುಕ್ರಮ ಬದಲಾಗಿದೆ.

ನಮ್ಮಲ್ಲೇ ಇದಕ್ಕೊಂದು ಹೋಲಿಕೆ ಸಿಗುತ್ತದೆ. ಗ್ರಂಥಾಲಯವೊಂದರ ಕಾರ್ಡುಗಳನ್ನು ಜೋಡಿಸಿದವರು ‘ಕ್ಷ’ವನ್ನು ಕಕಾರದ ಒತ್ತಕ್ಷರವೆಂದು ಎಣಿಸಿ ‘ಕ’ದ ಡಬ್ಬಿಯಲ್ಲಿ ಇಟ್ಟಿದ್ದಾರೆ ಎನ್ನಿ. ಹೊಸದಾಗಿ ಬಂದವರು ಶಾಲೆಯ ವರ್ಣಮಾಲೆಯ ಪಟದಲ್ಲಿ ‘ಕ್ಷ’ವನ್ನು ‘ಳ’ದ ಆಚೆ ಕಂಡವರು. ಕ್ಷೇತ್ರದರ್ಶನದ ಪುಸ್ತಕ ಕೇಳಿದರೆ ನೇರವಾಗಿ ಕೊನೆಯ ಡಬ್ಬಿಗೆ ಹೋಗಿ, ಇಲ್ಲ ಎಂದು ಹೇಳಿ ಕಳುಹಿಸುತ್ತಾರೆ. ಪುಸ್ತಕ ಕಪಾಟಿನಲ್ಲೇ ಇದೆ, ಕಾರ್ಡೂ ಇದೆ. ಪೋಸ್ಟ್‌ಗ್ರೆಸ್‌ನ ಬೈಟ್‌ಗೆ ಬೈಟ್ ನಕಲು ಇಂಡೆಕ್ಸನ್ನೂ ಇದ್ದಂತೆಯೇ ಒಯ್ಯುತ್ತದೆ, ಅಂದರೆ ಹಳಬರು ಜೋಡಿಸಿದ ಡಬ್ಬಿಗಳನ್ನು ಹೊಸಬರ ಕೈಗೆ ಕೊಡುತ್ತದೆ.

ಎಲ್ಲ ಸಂಖ್ಯೆಗಳೂ ಸಿಗದೇ ಇದ್ದಿದ್ದರೆ ಭಾನುವಾರವೇ ಗೊತ್ತಾಗುತ್ತಿತ್ತು. ಆಸ್ಪತ್ರೆಯ ರೋಗಿಸಂಖ್ಯೆಗಳಲ್ಲಿ ಎರಡು ಬಗೆ ಇದ್ದವು: ಹಿಂದಿನ ತಂತ್ರಾಂಶದಿಂದ ಬಂದವು ಬರೀ ಅಂಕಿಗಳು, ಆಮೇಲಿನವು ವರ್ಷದ ಎರಡಂಕಿ, ಅಡ್ಡಗೆರೆ, ಕ್ರಮಸಂಖ್ಯೆ. ಹಳೆಯ ನಿಯಮ ಅಡ್ಡಗೆರೆಯನ್ನು ಮೊದಲ ಸುತ್ತಿನಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ, ಹೊಸದು ಅದನ್ನು ಅಂಕಿಗಿಂತ ಮುಂಚಿನ ಅಕ್ಷರವಾಗಿ ಎಣಿಸುತ್ತದೆ. ಎರಡೂ ಬಗೆಯ ಸಂಖ್ಯೆಗಳು ಅಕ್ಕಪಕ್ಕ ಬರುವ ಕಡೆ ಮಾತ್ರ ದಾರಿ ತಪ್ಪುತ್ತಿತ್ತು. ನಾವು ಭಾನುವಾರ ಪರೀಕ್ಷೆಗೆಂದು ಹುಡುಕಿದ ಐದಾರು ಸಂಖ್ಯೆಗಳು ಆ ವಾರದವೇ ಆಗಿದ್ದರಿಂದ ಎಲ್ಲವೂ ಸಿಕ್ಕಿದ್ದವು.

ಡೇಟಾಬೇಸಿನ ಮೂಲ ಅನುಕ್ರಮ ನಿಯಮದ ಆವೃತ್ತಿಯನ್ನು ಬರೆದಿಟ್ಟುಕೊಂಡು, ಹೊಂದದಿದ್ದರೆ ಎಚ್ಚರಿಸುವ ವ್ಯವಸ್ಥೆ ಪೋಸ್ಟ್‌ಗ್ರೆಸ್‌ನಲ್ಲಿ ಬಂದದ್ದು 15ನೇ ಆವೃತ್ತಿಯಲ್ಲಿ. ನಮ್ಮದು 14. ಪಾಟ್ರೋನಿಯಂತೂ ಇದನ್ನು ನೋಡುವುದೇ ಇಲ್ಲ, ಅದರ ಕೆಲಸವೂ ಅದಲ್ಲ. ಹಸಿರು ದೀಪ ಹೇಳುತ್ತಿದ್ದದ್ದು ನಕಲು ತಲುಪುತ್ತಿದೆ ಎಂದಷ್ಟೇ. ನಕಲನ್ನು ಓದಲು ಬರುತ್ತದೆ ಎಂದು ನಾವೇ ಸೇರಿಸಿಕೊಂಡಿದ್ದೆವು.

ತಕ್ಷಣ ಮಾಡಿದ್ದು, ಮಾಡದೆ ಬಿಟ್ಟದ್ದು

ಖಾಲಿ ಪಟ್ಟಿಗಳಿಗಿಂತ ನನ್ನನ್ನು ಹೆದರಿಸಿದ್ದು ಆ ಮೂರು ದಿನಗಳಲ್ಲಿ ನಡೆಯದೇ ಹೋದದ್ದು. ಅ ಯಂತ್ರ ನಿಂತಿದ್ದರೆ ಪಾಟ್ರೋನಿ ಇ ಯಂತ್ರವನ್ನು ಪ್ರೈಮರಿ ಮಾಡುವ ಸಾಧ್ಯತೆ ಇತ್ತು. ಆಗ ಹೊಸ ದಾಖಲೆ ಸೇರಿಸುವಾಗ ‘ಈ ಸಂಖ್ಯೆ ಈಗಾಗಲೇ ಇದೆಯೇ’ ಎಂದು ನೋಡುವುದು ಕೂಡ ಅದೇ ದಾರಿತಪ್ಪಿದ ಇಂಡೆಕ್ಸಿನಲ್ಲಿ. ಇಲ್ಲ ಎಂದುಕೊಂಡು ಒಂದೇ ಸಂಖ್ಯೆಗೆ ಎರಡು ದಾಖಲೆ ಬರೆದಿದ್ದರೆ, ಒಬ್ಬ ರೋಗಿಯ ರಕ್ತಪರೀಕ್ಷೆ ಒಂದರಲ್ಲಿ, ಔಷಧ ಇನ್ನೊಂದರಲ್ಲಿ ಇರುತ್ತಿದ್ದವು. ಇ ಯಂತ್ರಕ್ಕೆ ಓದುವ ಕೆಲಸ ಮಾತ್ರ ಬಂದಿದ್ದರಿಂದ ಉಳಿದುಕೊಂಡೆವು.

ಸಹೋದ್ಯೋಗಿ ಇ ಯಂತ್ರವನ್ನೇ ನಿಲ್ಲಿಸಿಬಿಡೋಣ ಎಂದ. ಸಹಜವಾದ ಮಾತೇ, ಆದರೆ ನಿಲ್ಲಿಸಿದರೆ ಅಲ್ಲಿರುವ ಎಟ್‌ಸಿಡಿ ಸದಸ್ಯನೂ ಹೋಗುತ್ತಾನೆ, ಮತ್ತೆ ಶನಿವಾರ ರಾತ್ರಿಯ ಸ್ಥಿತಿ. ಎಟ್‌ಸಿಡಿಗೆ ಈ ಅಕಾರಾದಿಯ ಹಂಗಿಲ್ಲ, ಅದು ಸರಿಯಾಗಿಯೇ ಇತ್ತು. ಆದ್ದರಿಂದ ಪಾಟ್ರೋನಿಯ ಸಂರಚನೆಯಲ್ಲಿ ಇ ಯಂತ್ರಕ್ಕೆ ಎರಡು ಗುರುತು ಹಾಕಿದೆವು: ಒಂದು, ಇದನ್ನು ಎಂದಿಗೂ ಪ್ರೈಮರಿ ಮಾಡಬೇಡ; ಎರಡು, ಓದುವ ಸಂಪರ್ಕಗಳನ್ನು ಇದಕ್ಕೆ ಕಳಿಸಬೇಡ. ಮರುಲೋಡ್ ಮಾಡಿದ ಕೆಲವೇ ಸೆಕೆಂಡಿನಲ್ಲಿ ಎಚ್‌ಎಪ್ರಾಕ್ಸಿಯ ಓದುವ ಸರದಿಯಿಂದ ಅದು ಹೊರಗೆ ಬಂತು. ಹೊಸ ಸರ್ವರಿಗೆ ಹಚ್ಚಿದ ಹಸಿರನ್ನು ನಮ್ಮ ಕೈಯಾರೆ ಕೆಂಪು ಮಾಡಿದ್ದು ಈ ಪ್ರಕರಣದಲ್ಲಿ ನಾವು ಮಾಡಿದ ಅತ್ಯಂತ ಸರಿಯಾದ ಕೆಲಸ ಎಂದು ಈಗಲೂ ಅನಿಸುತ್ತದೆ.

ಆಮೇಲೆ ದಾರಿಗಳನ್ನು ಎಣಿಸಿದೆವು. ಇಂಡೆಕ್ಸುಗಳನ್ನು ಹೊಸದಾಗಿ ಕಟ್ಟುವುದು ಮೊದಲು ತಲೆಗೆ ಬರುವ ಉಪಾಯ, ಆದರೆ ಸ್ಟ್ಯಾಂಡ್‌ಬೈ ಓದಲು ಮಾತ್ರ ಇರುವುದರಿಂದ ಅಲ್ಲಿ ಏನನ್ನೂ ಕಟ್ಟಲಾಗದು. ಅದನ್ನೇ ಪ್ರೈಮರಿ ಮಾಡಿ ಕಟ್ಟಿದರೆ, ಹೊಸ ಅನುಕ್ರಮದ ಇಂಡೆಕ್ಸುಗಳು ನಕಲಾಗಿ ಅ ಮತ್ತು ಆ ಯಂತ್ರಗಳಿಗೆ ಹೋಗಿ, ಈಗ ಸರಿಯಿರುವ ಎರಡೂ ಕೆಡುತ್ತವೆ. ಒಂದು ಕ್ಲಸ್ಟರಿನಲ್ಲಿ ಎರಡು ಅಕಾರಾದಿ ಇರುವ ತನಕ ದೋಷ ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ. ಸರಿಯಾದ ದೀರ್ಘಕಾಲದ ದಾರಿ ತಾರ್ಕಿಕ ನಕಲು, ಅಂದರೆ ಬೈಟ್‌ಗಳ ಬದಲು ಸಾಲುಗಳನ್ನು ಕಳುಹಿಸುವುದು. ಅಲ್ಲಿ ಹೊಸ ಕಡೆಯ ಇಂಡೆಕ್ಸನ್ನು ಹೊಸ ಕಡೆಯವರೇ ತಮ್ಮ ನಿಯಮದಂತೆ ಕಟ್ಟಿಕೊಳ್ಳುತ್ತಾರೆ. ಆದರೆ ಪ್ರತಿ ಸಾಲನ್ನೂ ಗುರುತಿಸುವ ಪ್ರಾಥಮಿಕ ಕೀಲಿ ಇಲ್ಲದ 14 ಕೋಷ್ಟಕಗಳನ್ನು ಸರಿಪಡಿಸಬೇಕು, ಕ್ರಮಸಂಖ್ಯೆ ಕೊಡುವ ಸೀಕ್ವೆನ್ಸುಗಳು ತಾವಾಗಿ ಬರುವುದಿಲ್ಲ, ಕೋಷ್ಟಕದ ರಚನೆ ಬದಲಾದರೆ ಅದೂ ಬರುವುದಿಲ್ಲ. ವಾರಗಳ ಕೆಲಸ. ನಮಗೆ ಮೂರನೆಯ ಸರಿಯಾದ ಪ್ರತಿ ಅದೇ ದಿನ ಬೇಕಿತ್ತು.

ಆರಿಸಿದ ದಾರಿ ನೋಡಲು ಚಂದವಿರಲಿಲ್ಲ. ಹೊಸ ಯಂತ್ರದ ಆಲ್ಮಾಲಿನಕ್ಸ್ 9ನ್ನು ಹಾಗೆಯೇ ಬಿಟ್ಟು, ಅದರ ಮೇಲೆ ಕೆವಿಎಂ ವರ್ಚುವಲ್ ಯಂತ್ರವೊಂದನ್ನು, ಅಂದರೆ ತಂತ್ರಾಂಶದಲ್ಲೇ ರೂಪಿಸಿದ ಯಂತ್ರವನ್ನು, ಎಬ್ಬಿಸಿ, ಅದರೊಳಗೆ ಸೆಂಟ್‌ಒಎಸ್ 7 ಹಾಕಿದೆವು. ರೇಡ್ ಕಾರ್ಡನ್ನು ಹೊರಗಿನ ಹೊಸ ಕರ್ನೆಲ್ ನೋಡಿಕೊಳ್ಳುತ್ತದೆ. ಒಳಗಿನ ಹಳೆಯ ಕರ್ನೆಲ್‌ಗೆ ಕಾಣುವುದು ತನಗೆ ಗೊತ್ತಿರುವ ವರ್ಟಿಯೋ ಎಂಬ ವರ್ಚುವಲ್ ಡಿಸ್ಕ್ ಮಾತ್ರ. ಪೋಸ್ಟ್‌ಗ್ರೆಸ್ ಮತ್ತು ಪಾಟ್ರೋನಿ ಒಳಗೆ, ಎಟ್‌ಸಿಡಿ ಹೊರಗೆ, ಇದ್ದಲ್ಲೇ.

ಆಡಳಿತ ವಿಭಾಗದ ಹಿರಿಯರಿಗೆ ಇದನ್ನು ವಿವರಿಸಿದಾಗ ಅವರು ಕನ್ನಡಕ ತೆಗೆದು, “ಅಲ್ಲ, ಹೊಸ ಸರ್ವರ್ ತಂದು ಅದರೊಳಗೆ ಹಳೇದನ್ನೇ ಹಾಕ್ತೀರಾ?” ಎಂದು ಕೇಳಿದರು. ಹೌದು ಎಂದೆ. ಭದ್ರತಾ ಪರಿಷ್ಕರಣೆ ನಿಂತುಹೋದ ವ್ಯವಸ್ಥೆಯನ್ನು ಗೊತ್ತಿದ್ದೂ ಇನ್ನಷ್ಟು ದಿನ ಇಟ್ಟುಕೊಳ್ಳುತ್ತಿದ್ದೇವೆ, ಅದು ಆಸ್ಪತ್ರೆಯ ಒಳಜಾಲದಿಂದ ಹೊರಗೆ ಕಾಣದಂತೆ ಬಿಗಿ ಮಾಡಿದ್ದೇವೆ, ನಾಲ್ಕು ತಿಂಗಳೊಳಗೆ ತೆಗೆಯುತ್ತೇವೆ ಎಂದು ಬರಹದಲ್ಲಿ ಕೊಟ್ಟು ಅವರ ಸಹಿ ಪಡೆದೆವು. ಆ ಒಂದು ಪುಟದ ಪತ್ರ ಬರೆಯಲು ವರ್ಚುವಲ್ ಯಂತ್ರ ಎಬ್ಬಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಬುಧವಾರ ರಾತ್ರಿ ನಕಲು ಮುಗಿಯಿತು. ಈ ಸಲ ದೀಪವನ್ನು ನೋಡುವ ಮೊದಲು 1-1 ಮತ್ತು 11ನ್ನು ಜೋಡಿಸಿ ನೋಡಿದೆವು, ಪಿಜಿ-ಆಮ್‌ಚೆಕ್ ಓಡಿಸಿದೆವು, ಹಳೆಯ ಹೊಸ ಎರಡೂ ಬಗೆಯ ಇನ್ನೂರು ರೋಗಿಸಂಖ್ಯೆಗಳನ್ನು ಆ ಮತ್ತು ಇ ಎರಡರಲ್ಲೂ ಹುಡುಕಿ ಉತ್ತರಗಳನ್ನು ಹೋಲಿಸಿದೆವು. ಎಲ್ಲ ಹೊಂದಿದ ಮೇಲೆ ಗುರುತುಗಳನ್ನು ತೆಗೆದೆವು.

ಏಳು ಸೆಕೆಂಡ್, ಹತ್ತೊಂಬತ್ತು ನಿಮಿಷ

ಇಷ್ಟಾದ ಮೇಲೆ ಹೊಸ ಇ ಪ್ರೈಮರಿಯ ಭಾರ ಹೊರುತ್ತದೆಯೇ ಎಂದು ನೋಡದೆ ಬಿಡಲು ನನಗೆ ಮನಸ್ಸಾಗಲಿಲ್ಲ. ಅ ಯಂತ್ರದ ರೇಡ್ ಬ್ಯಾಟರಿಯನ್ನೂ ಹೇಗೂ ಬದಲಿಸಬೇಕಿತ್ತು. ಮುಂದಿನ ಭಾನುವಾರ ಬೆಳಗಿನ ಜಾವ ಮೂರಕ್ಕೆ, ತುರ್ತು ವಿಭಾಗದ ಕೌಂಟರಿಗೆ ಮೊದಲೇ ತಿಳಿಸಿ, ಕೈಚೀಟಿಯ ಪುಸ್ತಕ ಪಕ್ಕದಲ್ಲಿಡಿಸಿ, ಸ್ವಿಚ್‌ಓವರ್ ಮಾಡಿದೆವು, ಅಂದರೆ ಪ್ರೈಮರಿಯ ಪಾತ್ರವನ್ನು ಅ ಯಂತ್ರದಿಂದ ಇ ಯಂತ್ರಕ್ಕೆ ದಾಟಿಸಿದೆವು. ಅರ್ಧ ಸೆಕೆಂಡಿಗೊಂದು ಸಾಲನ್ನು ಬರೆಯುತ್ತಲೇ ಇರುವ ಸಣ್ಣ ಸ್ಕ್ರಿಪ್ಟ್ ಒಂದನ್ನು ಎಚ್‌ಎಪ್ರಾಕ್ಸಿಯ ಮೂಲಕ ಓಡಿಸಿಟ್ಟಿದ್ದೆವು. ಮೊದಲು ಕೈಯಾರೆ ಒಂದು ಚೆಕ್‌ಪಾಯಿಂಟ್ ಮಾಡಿಸಿ, ಬಾಕಿ ಬರೆಹವನ್ನೆಲ್ಲ ಡಿಸ್ಕಿಗೆ ಇಳಿಸಿ, ಆಮೇಲೆ ಪಾಟ್ರೋನಿಗೆ ಹೇಳಿದೆವು. ಸ್ಕ್ರಿಪ್ಟಿನ ಸಾಲುಗಳ ನಡುವಿನ ಬಿಡುವು 7 ಸೆಕೆಂಡ್.

ತುರ್ತು ವಿಭಾಗದ ಬಿಲ್ಲು ಬಂತು. ಪ್ರಯೋಗಾಲಯ ಸರಿಯಿತ್ತು. ಮೂರು ಗಂಟೆ ಆರು ನಿಮಿಷಕ್ಕೆ ಔಷಧ ಕೌಂಟರಿನಿಂದ ಫೋನ್: ಬಿಲ್ಲು ಉಳಿಯುತ್ತಿಲ್ಲ. ಓದಲು ಮಾತ್ರ ಇರುವ ವಹಿವಾಟಿನಲ್ಲಿ ಸೇರಿಸಲಾಗದು ಎಂಬ ದೋಷ ಸಂದೇಶ ಅವರ ಪರದೆಯಲ್ಲಿತ್ತು. ಅಂದರೆ ಔಷಧದ ತಂತ್ರಾಂಶ ಡೇಟಾಬೇಸನ್ನು ತಲುಪುತ್ತಿದೆ, ಆದರೆ ತಲುಪಿದ್ದು ಈಗ ಸ್ಟ್ಯಾಂಡ್‌ಬೈ ಆಗಿರುವ ಅ ಯಂತ್ರವನ್ನು. ಯಾವಾಗಲೋ ಯಾರೋ ಅದರ ಸಂರಚನೆಯಲ್ಲಿ ಕ್ಲಸ್ಟರಿನ ವಿಳಾಸದ ಬದಲು ಅ ಯಂತ್ರದ ಐಪಿಯನ್ನೇ ಬರೆದಿದ್ದರು. ಅ ಎಂದೂ ಕೆಳಗಿಳಿದಿರದ ಕಾರಣ ಅದು ಎಂದೂ ಹೊರಗೆ ಬಂದಿರಲಿಲ್ಲ. ಆ ಸಂರಚನೆ ಎಲ್ಲಿದೆ ಎಂದು ಸಹೋದ್ಯೋಗಿ ಹುಡುಕಿ ತಿದ್ದಿ ಸೇವೆಯನ್ನು ಮತ್ತೆ ಎಬ್ಬಿಸುವಷ್ಟರಲ್ಲಿ, ಸ್ವಿಚ್‌ಓವರ್ ಆದಾಗಿನಿಂದ ಲೆಕ್ಕ ಹಾಕಿದರೆ, 19 ನಿಮಿಷವಾಗಿತ್ತು. ಕೌಂಟರಿನಲ್ಲಿದ್ದವರು ಅಷ್ಟರಲ್ಲಿ ಆರು ಕೈಚೀಟಿ ಬರೆದಿದ್ದರು.

ವರದಿಯಲ್ಲಿ ಯಾವ ಅಂಕಿ ಬರೆಯುವುದು ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಸ್ವಲ್ಪ ವಾದವಾಯಿತು. ಕ್ಲಸ್ಟರ್ ಏಳೇ ಸೆಕೆಂಡ್ ನಿಂತದ್ದು ನಿಜ ಎಂದು ಅವನು. ಔಷಧಕ್ಕೆ ಕಾದವರಿಗೆ ಕ್ಲಸ್ಟರ್ ಕಾಣುವುದಿಲ್ಲ ಎಂದು ನಾನು. ಎರಡನ್ನೂ ಬರೆದೆವು, ಹತ್ತೊಂಬತ್ತನ್ನು ಮೇಲಿನ ಸಾಲಿನಲ್ಲಿ.

ಆಮೇಲೆ

ಅಕ್ಟೋಬರಿನಲ್ಲಿ ತಾರ್ಕಿಕ ನಕಲಿನ ಮೂಲಕ ಎಲ್ಲವನ್ನೂ ಆಲ್ಮಾಲಿನಕ್ಸ್ 9 ಮತ್ತು ಪೋಸ್ಟ್‌ಗ್ರೆಸ್ 16ರ ಹೊಸ ಕ್ಲಸ್ಟರಿಗೆ ಸಾಗಿಸಿದೆವು. ಮೊದಲೇ ಹೇಳಿ 11 ನಿಮಿಷ ಬರೆಯುವುದನ್ನು ನಿಲ್ಲಿಸಿದ್ದೆವು. ಅದರಲ್ಲಿ ಹೆಚ್ಚು ಹೊತ್ತು ಹೋದದ್ದು ಸೀಕ್ವೆನ್ಸುಗಳನ್ನು ಸ್ವಲ್ಪ ಮುಂದಕ್ಕೆ ತಳ್ಳಿ ಹೊಂದಿಸುವುದಕ್ಕೆ. ರೋಗಿಸಂಖ್ಯೆ, ಬಿಲ್ಲುಸಂಖ್ಯೆಯಂಥ ಅಂಕಣಗಳಿಗೆ ಈಗ ‘ಸಿ’ ಅನುಕ್ರಮವನ್ನು, ಅಂದರೆ ಬರೀ ಬೈಟ್‌ಗಳ ಅನುಕ್ರಮವನ್ನು, ನಿಗದಿ ಮಾಡಿದ್ದೇವೆ. ಅದು ಆಪರೇಟಿಂಗ್ ಸಿಸ್ಟಂ ಬದಲಾದರೂ ಬದಲಾಗುವುದಿಲ್ಲ, ಸಂಖ್ಯೆಗಳಿಗೆ ಅದಕ್ಕಿಂತ ಜಾಣ ಅನುಕ್ರಮದ ಅಗತ್ಯವೂ ಇಲ್ಲ. ಹೆಸರುಗಳ ಅಂಕಣಗಳನ್ನು ಮಾತ್ರ ಭಾಷೆಯ ಅನುಕ್ರಮದಲ್ಲಿ ಉಳಿಸಿಕೊಂಡಿದ್ದೇವೆ, ಅವುಗಳ ಇಂಡೆಕ್ಸುಗಳ ಪಟ್ಟಿ ನಮ್ಮ ಕಾರ್ಯಸೂಚಿಯ ಕಡತದಲ್ಲಿದೆ. ಅದೇ ಕಡತದಲ್ಲಿ ಯಂತ್ರ ಬದಲಿಸುವ ಅಧ್ಯಾಯದ ಮೊದಲ ಹೆಜ್ಜೆ ಈಗ 1-1 ಮತ್ತು 11ರ ಪರೀಕ್ಷೆ. ಮೂರು ತಿಂಗಳಿಗೊಮ್ಮೆ ಪ್ರೈಮರಿಯನ್ನು ಬೇಕೆಂದೇ ಬದಲಿಸುವ ದಿನವನ್ನೂ ಗೊತ್ತು ಮಾಡಿದ್ದೇವೆ. ಅಂದು ಔಷಧ ಕೌಂಟರಿನಲ್ಲಿ ನಮ್ಮವರೊಬ್ಬರು ಕುಳಿತಿರುತ್ತಾರೆ.

ಖಾಲಿ ಪಟ್ಟಿ ಬಂದರೆ ಒಮ್ಮೆಗೇ ಫೋನ್ ಮಾಡಿ ಎಂದು ದಾಖಲೆ ವಿಭಾಗದವರಿಗೆ ಹೇಳಿ ಬಂದಿದ್ದೇವೆ. ಮೊನ್ನೆ ಬೇರೆ ಕೆಲಸಕ್ಕೆ ಅಲ್ಲಿಗೆ ಹೋಗಿದ್ದಾಗ ನೋಡಿದೆ: ಮೇಡಂ ಸಂಖ್ಯೆ ಹಾಕಿದರು, ದಾಖಲೆ ಬಂತು, ಆದರೂ ಅವರ ಬೆರಳು ಹುಡುಕು ಗುಂಡಿಯನ್ನು ಇನ್ನೊಮ್ಮೆ ಒತ್ತಿಯೇ ಮುಂದೆ ಹೋಯಿತು.